ಚಿಗರಿ ಅಂದ್ರ ಬಸ್ ಅಲ್ಲೇನಜ್ಜಾ?

ಹುಬ್ಬಳ್ಳಿಯ ಮೊಮ್ಮಗಳು ದಸರಾ ರಜೆಗೆ ಬಂದಿದ್ದಳು. ಎಂಟು ವರ್ಷದವಳು. ಗದಗಿನ ಪಕ್ಕದ ಬಿಂಕದಕಟ್ಟಿ ಮೃಗಾಲಯಕ್ಕೆ ಕರೆದೊಯ್ದೆ. ಮೈಸೂರಿನದರ ಮುಂದೆ ಇದು ಬಹಳ ಚಿಕ್ಕದು. ಮೊಣಕಾಲು ನೋವಿನ ನನ್ನಂಥವರೂ ಒಂದು ಬೆಳಗಿನಲ್ಲಿ ನೋಡಿ ಮುಗಿಸಬಹುದು. ನನಗೆ ಅದೇ ಇಷ್ಟ.

ಚಿರತೆಯ ಮುಂದೆ ಜಾತ್ರೆಯೇ ನೆರೆದಿತ್ತು. ಕೃಷ್ಣಮೃಗಗಳ ಬೇಲಿಯ ಹತ್ತಿರ ಯಾರೂ ಇರಲಿಲ್ಲ.

"ನೋಡವ್ವ, ಚಿಗರಿ" ಎಂದೆ.

"ಚಿಗರಿ ಅಂದ್ರ ಬಸ್ ಅಲ್ಲೇನಜ್ಜಾ?"

ಅವಳು ಹೇಳಿದ್ದೂ ಖರೆ. ಹುಬ್ಬಳ್ಳಿ–ಧಾರವಾಡದ ನಡುವೆ ತನ್ನದೇ ದಾರಿಯಲ್ಲಿ ಓಡುವ ಬಸ್ಸಿಗೆ ಚಿಗರಿ ಎಂದೇ ಹೆಸರು. ಓಟಕ್ಕೆ ಹೆಸರಾದ ಈ ಪ್ರಾಣಿಯಿಂದಲೇ ಬಸ್ಸಿಗೆ ಆ ಹೆಸರು ಬಂತು ಎಂದೆ. ನಂಬಿದಂತೆ ಕಾಣಲಿಲ್ಲ.

ಕರಿಯದೂ ಕಂದು ಬಣ್ಣದ್ದೂ ಬೇರೆ ಬೇರೆ ಪ್ರಾಣಿ ಎಂದುಕೊಂಡಿದ್ದಳು. ಸುರುಳಿ ಕೋಡಿನ, ಬೆನ್ನು ಕಪ್ಪು, ಹೊಟ್ಟೆ ಬಿಳುಪು ಇರುವುದು ಬಲಿತ ಗಂಡು. ಕಂದು ಬಣ್ಣದವು ಹೆಣ್ಣು ಮತ್ತು ಮರಿಗಳು. ಗಂಡುಮರಿಯೂ ಮೊದಲು ಕಂದೇ, ಬೆಳೆದಂತೆ ಕಪ್ಪಾಗುತ್ತದೆ ಎಂದೆ. ನನ್ನ ತಲೆ ನೋಡಿ, "ನಿಂದು ಉಲ್ಟಾ ಆಗೇತಲ್ಲಜ್ಜಾ" ಎಂದಳು!

ನಾನು ಅವಳಷ್ಟಿದ್ದಾಗ ಚಿಗರಿ ನೋಡಲು ಟಿಕೀಟು ಬೇಕಿರಲಿಲ್ಲ. ಚಳಿಗಾಲದಲ್ಲಿ ಕಡಲೆ ಚಿಗುರಿದರೆ ನಮ್ಮ ಎರೆಹೊಲಕ್ಕೆ ಹಿಂಡೇ ಬರುತ್ತಿತ್ತು. ಅಪ್ಪ ಕವಣೆ ಬೀಸಿ ಬಯ್ಯುತ್ತ ಓಡಿಸುತ್ತಿದ್ದ. ಒಂದು ಹಾರಿದರೆ ಹಿಂದೆಯೇ ಎಲ್ಲವೂ ಹಾರುತ್ತಿದ್ದವು. ಬೈಗುಳ ಮರೆತು ಅಪ್ಪನೂ ನಿಂತು ನೋಡುತ್ತಿದ್ದ. ಬೇಟೆಯವರು ಮಾತ್ರ ಬಿಡಲಿಲ್ಲ. 1972ರ ಕಾಯ್ದೆ ಬಂತು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗೆಂದೇ ಅಭಯಾರಣ್ಯವಾಯಿತು. ಅಲ್ಲಿಯೂ ನೀಲಗಿರಿ ನೆಟ್ಟರು. ಗಿಡ ನೆಟ್ಟರೆ ಎಲ್ಲ ಪ್ರಾಣಿಗೂ ಒಳ್ಳೆಯದೆಂದು ನಾವು ತಿಳಿಯುತ್ತೇವೆ. ಚಿಗರಿಗೆ ಬೇಕಾದದ್ದು ಹುಲ್ಲು, ದೂರದವರೆಗೆ ಕಣ್ಣು ಹಾಯುವ ಬಯಲು. ಅಂಥ ಬಯಲನ್ನು ನಾವು 'ಖಾಲಿ ಜಾಗ' ಎಂದು ಕರೆದು ಏನಾದರೊಂದು ತುಂಬಿಸಿಬಿಡುತ್ತೇವೆ.

ಹೊರಗೆ ಬಂದರೆ ರಸ್ತೆಯ ಬದಿಗೆ ಕುರಿಹಿಂಡು. ಇಲ್ಲಿ ಬೇಲಿ ಇಲ್ಲವಲ್ಲ, ಓಡಿಹೋಗಿ ಮರಿಯೊಂದನ್ನು ಎತ್ತಿಕೊಂಡಳು. ಕುರಿಗಾಹಿ ನಕ್ಕ.

"ಕಾಕಾ, ನೀವು ಚಿಗರಿ ನೋಡೀರೇನು?"

"ಹೋದ ವರ್ಸ ನಮ್ಮ ಹೊಲಕ್ಕ ನಾಕು ಬಂದಿದ್ವು ನೋಡವ್ವಾ."

ಮರಿಯನ್ನು ಎದೆಗವಚಿಕೊಂಡೇ ನನ್ನ ಕಡೆ ತಿರುಗಿ ನೋಡಿದಳು. ಮತ್ತೆ ಅವನನ್ನು ಕೇಳಿದಳು: "ನಿಮ್ಮೂರಿಗೆ ಬಸ್ ಐತೇನ್ರಿ ಕಾಕಾ?"