ಹುಲ್ಲು ಕುದಿಸಿದ ನೀರು

ಪಿಯುಸಿಯ ಮೊದಲ ಜೀವಶಾಸ್ತ್ರ ಪ್ರಾಕ್ಟಿಕಲ್ಸಿಗೆ ನಾನು ತಿಂಡಿ ತಿನ್ನದೇ ಹೋಗಿದ್ದೆ. ಅದು 1978ನೇ ಇಸವಿ. ಒಳಗೆ ಕಾಲಿಟ್ಟ ಕೂಡಲೇ ಕೈಗೊಂದು ಕಪ್ಪೆ ಕೊಡುತ್ತಾರೆ, ಕ್ಲೋರೋಫಾರಂ ವಾಸನೆಗೆ ಅರ್ಧ ಜನ ತಲೆ ತಿರುಗಿ ಬೀಳುತ್ತಾರೆ ಎಂದು ಹಿಂದಿನ ವರ್ಷದ ಹುಡುಗಿಯರು ಹೆದರಿಸಿಟ್ಟಿದ್ದರು. ಬೀಳುವುದಾದರೆ ಖಾಲಿ ಹೊಟ್ಟೆಯಲ್ಲಿ ಬೀಳುವುದೇ ಮರ್ಯಾದೆ ಎಂದು ನಾನು ಲೆಕ್ಕ ಹಾಕಿದ್ದೆ. ಆ ತಾಲ್ಲೂಕು ಊರಿನ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿದ್ದ ಹುಡುಗಿಯರು ನಾವು ಐದೇ ಜನ. ಹುಡುಗರ ಎದುರು ಬಿದ್ದರೆ ವರ್ಷವಿಡೀ ಅದೇ ಮಾತು.

ಮೇಷ್ಟ್ರು ಕಪ್ಪೆಯ ಸುದ್ದಿಯನ್ನೇ ಎತ್ತಲಿಲ್ಲ. ಬೋರ್ಡಿನ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆಯತೊಡಗಿದರು. ಜಡೆ ಮೇಲೆತ್ತಿ ಕಟ್ಟಿ. ದಾವಣಿಯ ಸೆರಗು ಸೊಂಟಕ್ಕೆ ಸಿಕ್ಕಿಸಿ. ಯಾವುದನ್ನೂ ರುಚಿ ನೋಡಬೇಡಿ, ಬಾಟಲಿಗೆ ಮೂಗು ಹಚ್ಚಿ ಮೂಸಬೇಡಿ. ಆಸಿಡ್ಡನ್ನು ನೀರಿಗೆ ಹಾಕಿ, ನೀರನ್ನು ಆಸಿಡ್ಡಿಗೆ ಹಾಕಬೇಡಿ. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ನಮಗೆ ಐವರಿಗೂ ನಗು. ಆ ಆಸಿಡ್ಡಿನ ಸಾಲೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ನಮ್ಮ ಅಜ್ಜಿಯರು ಅಡಿಗೆಮನೆಯ ಹೊಸ್ತಿಲಲ್ಲಿ ದಿನಾ ಹೇಳುತ್ತಿದ್ದ ಮಾತುಗಳೇ. ಒಲೆಯ ಹತ್ತಿರ ಸೆರಗು ಇಳಿಬಿಡಬೇಡ, ಕೂದಲು ಬಿಚ್ಚಿಕೊಂಡು ಬರಬೇಡ, ನೈವೇದ್ಯಕ್ಕೆ ಮುಂಚೆ ರುಚಿ ನೋಡಬೇಡ. ವ್ಯತ್ಯಾಸ ಒಂದೇ. ಅಜ್ಜಿಯನ್ನು ಯಾಕೆ ಎಂದು ಕೇಳಿದರೆ ತಲೆಗೊಂದು ಮೊಟಕು ಬೀಳುತ್ತಿತ್ತು. ಮೇಷ್ಟ್ರನ್ನು ಕೇಳಿದರೆ ಅವರ ಮುಖ ಅರಳುತ್ತಿತ್ತು. "ಕಾದ ಎಣ್ಣೆಗೆ ಒಂದು ಹನಿ ನೀರು ಬಿದ್ದರೆ ಏನಾಗುತ್ತದೆ, ನೀವು ಹುಡುಗಿಯರೇ ಹೇಳಿ" ಎಂದರು. ಸಿಡಿಯುತ್ತದೆ ಎಂದೆವು. "ಗಂಧಕಾಮ್ಲ ನೀರಿನ ಜೊತೆ ಬೆರೆತರೆ ವಿಪರೀತ ಬಿಸಿ ಹುಟ್ಟುತ್ತದೆ. ಮೇಲಿಂದ ಸುರಿದ ನೀರು ಹಗುರ, ಆಸಿಡ್ಡಿನ ಮೇಲೇ ನಿಂತು ಕ್ಷಣದಲ್ಲಿ ಕುದಿದು ಮುಖಕ್ಕೆ ಸಿಡಿಯುತ್ತದೆ. ಬೇಕಾದಷ್ಟು ನೀರಿಗೆ ಆಸಿಡ್ಡನ್ನು ನಿಧಾನಕ್ಕೆ ಹಾಕಿದರೆ ಆ ಬಿಸಿಯನ್ನು ನೀರೇ ಹಂಚಿಕೊಳ್ಳುತ್ತದೆ." ನಿಯಮದ ಹಿಂದೆ ಕಾರಣ ಇರುತ್ತದೆ, ಅದನ್ನು ಕೇಳಿದರೆ ಬೈಯುವುದಿಲ್ಲ ಎನ್ನುವುದೇ ನನಗೆ ಆ ದಿನದ ದೊಡ್ಡ ಪಾಠವಾಯಿತು.

ಆಮೇಲೆ ಅವರು ಪ್ರತಿ ಮೇಜಿಗೂ ಎರಡು ಫ್ಲಾಸ್ಕು, ಒಂದು ಹಿಡಿ ಒಣಹುಲ್ಲು ಕೊಟ್ಟರು. ಹುಲ್ಲನ್ನು ನೀರಿನಲ್ಲಿ ಕುದಿಸಿ, ಸೋಸಿ, ಎರಡರಲ್ಲೂ ಸಮನಾಗಿ ತುಂಬಬೇಕು. ಮತ್ತೆ ಹತ್ತು ನಿಮಿಷ ಕುದಿಸಬೇಕು. ಒಂದನ್ನು ಬಾಯಿ ತೆರೆದೇ ಇಡಬೇಕು, ಇನ್ನೊಂದಕ್ಕೆ ಹತ್ತಿಯ ಬಿರಡೆ ಹಾಕಬೇಕು. ಅಷ್ಟೇ. ನನಗೆ ನಿರಾಸೆಯಾಯಿತು. ದನಕ್ಕೆ ಕಲಗಚ್ಚು ಮಾಡುವುದಕ್ಕೆ ಕಾಲೇಜಿಗೆ ಬರಬೇಕಿತ್ತೇ?

ಕೈಗಳು ಕೆಲಸ ಮಾಡುತ್ತಿದ್ದಾಗ ಮೇಷ್ಟ್ರು ಕತೆ ಹೇಳಿದರು. ಮಾಂಸ ಕೊಳೆತರೆ ಅದರಿಂದಲೇ ಹುಳು ಹುಟ್ಟುತ್ತದೆ ಎಂದು ಜನ ಸಾವಿರಾರು ವರ್ಷ ನಂಬಿದ್ದರಂತೆ. 1668ರಲ್ಲಿ ಇಟಲಿಯ ಫ್ರಾನ್ಸೆಸ್ಕೋ ರೆಡಿ ಕೆಲವು ಜಾಡಿಗಳಲ್ಲಿ ಮಾಂಸ ಇಟ್ಟು, ಕೆಲವನ್ನು ತೆರೆದಿಟ್ಟ, ಕೆಲವಕ್ಕೆ ತೆಳುಬಟ್ಟೆ ಕಟ್ಟಿದ. ತೆರೆದ ಜಾಡಿಯಲ್ಲಿ ಹುಳು ಬಂತು. ಬಟ್ಟೆ ಕಟ್ಟಿದ್ದರಲ್ಲಿ ಬರಲಿಲ್ಲ. ನೊಣ ಮೊಟ್ಟೆ ಇಡದಿದ್ದರೆ ಹುಳುವಿಲ್ಲ. "ಎರಡು ಜಾಡಿ ಯಾಕೆ ಬೇಕು? ಒಂದೇ ಸಾಲದೇ?" ಎಂದು ಕೇಳಿ ಅವರೇ ಉತ್ತರಿಸಿದರು. "ಒಂದೇ ಇದ್ದರೆ ಬರೀ ನಂಬಿಕೆ. ಎಲ್ಲದರಲ್ಲೂ ಒಂದೇ ಥರ ಇದ್ದು ಒಂದೇ ಒಂದು ವಿಷಯದಲ್ಲಿ ಬೇರೆಯಾದ ಎರಡನೆಯದು ಇದ್ದರೆ ಮಾತ್ರ ಹೋಲಿಕೆ." ಎರಡು ಶತಮಾನದ ಮೇಲೆ ಫ್ರಾನ್ಸಿನ ಲೂಯಿ ಪಾಶ್ಚರ್ ಹಂಸದ ಕತ್ತಿನಂಥ ಬಾಗಿದ ಕೊಳವೆಯ ಫ್ಲಾಸ್ಕುಗಳಲ್ಲಿ ಸಾರು ಕುದಿಸಿಟ್ಟು, ಗಾಳಿ ಹೋದರೂ ಧೂಳು ಹೋಗದಿದ್ದರೆ ಅದು ಕೆಡುವುದಿಲ್ಲ ಎಂದು ತೋರಿಸಿಕೊಟ್ಟ.

ವಾರ ಕಳೆಯಿತು. ಎಲ್ಲರೂ ತಮ್ಮ ಫ್ಲಾಸ್ಕು ನೋಡಿಕೊಂಡರು. ನನ್ನ ಎರಡು ಫ್ಲಾಸ್ಕೂ ಕದಡಿದ್ದವು! ಹತ್ತಿ ಹಾಕಿದ್ದರ ಮೇಲೂ ತೆಳುವಾದ ಕೆನೆಯಂಥ ಪದರ. ಬಿರಡೆ ಸರಿಯಾಗಿಯೇ ಇತ್ತು. ನನಗೆ ಕಣ್ಣಲ್ಲಿ ನೀರು. ಪಕ್ಕದವಳು ಕಿವಿಯಲ್ಲಿ ಹೇಳಿದಳು: "ತೆರೆದದ್ದು ಕದಡಿದೆ, ಮುಚ್ಚಿದ್ದು ತಿಳಿಯಾಗಿದೆ ಅಂತ ಬರೆದುಬಿಡು ಮಾರಾಯ್ತಿ. ಪುಸ್ತಕದಲ್ಲಿ ಹಾಗೇ ಇರೋದು." ಅವಳ ಫ್ಲಾಸ್ಕೂ ಕದಡಿತ್ತು. ಅವಳು ಹಾಗೆಯೇ ಬರೆದಳು. ಸುಳ್ಳು ಬರೆಯುವ ಧೈರ್ಯ ಇಲ್ಲದೆ ನಾನು ಕಂಡದ್ದನ್ನೇ ಬರೆದೆ. ಅದನ್ನು ಸತ್ಯನಿಷ್ಠೆ ಎಂದು ಯಾರೂ ತಿಳಿಯಬಾರದು, ಅದು ಪುಕ್ಕಲುತನ.

ಮೇಷ್ಟ್ರು ರೆಕಾರ್ಡು ಪುಸ್ತಕ ತೆರೆದು ನನ್ನನ್ನು ಎದ್ದು ನಿಲ್ಲಿಸಿದರು. ಮಂಗಳಾರತಿ ಆಯಿತು ಎಂದುಕೊಂಡೆ. "ನೋಡ್ರಪ್ಪಾ, ಇಡೀ ಕ್ಲಾಸಿನಲ್ಲಿ ಕಣ್ಣಿದ್ದವಳು ಇವಳೊಬ್ಬಳು" ಎಂದರು. ಹುಲ್ಲಿನ ಕಷಾಯವನ್ನು ಅವರು ಬೇಕೆಂದೇ ಕೊಟ್ಟಿದ್ದರು. ಹುಲ್ಲಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಇರುತ್ತದೆ. ಕಷ್ಟಕಾಲ ಬಂದಾಗ ಅದು ಗಟ್ಟಿ ಕವಚ ತೊಟ್ಟು ಬೀಜದಂತೆ ನಿದ್ದೆ ಹೋಗುತ್ತದೆ. ಅದಕ್ಕೆ ಸ್ಪೋರ್ ಎನ್ನುತ್ತಾರೆ. ಕುದಿಯುವ ನೀರಿನಲ್ಲೂ ಅದು ಸಾಯುವುದಿಲ್ಲ. ನೀರು ಆರಿದ ಮೇಲೆ ಎದ್ದು ಕುಳಿತು ಸಂಸಾರ ಹೂಡುತ್ತದೆ. ಪಾಶ್ಚರನ ಎದುರಾಳಿ ಪೂಶೆ ಎಂಬವನು ಪ್ರಯೋಗ ಮಾಡಿದ್ದು ಹುಲ್ಲಿನ ನೀರಿನಲ್ಲೇ. ಅವನ ಫ್ಲಾಸ್ಕುಗಳು ಕದಡಿದ್ದು ನಿಜವೇ, ಅವನು ಕೊಟ್ಟ ಕಾರಣ ಮಾತ್ರ ತಪ್ಪು. ಕಾರಣ ತಿಳಿದದ್ದು 1876ರಲ್ಲಿ, ಜರ್ಮನಿಯ ಫರ್ಡಿನಾಂಡ್ ಕೋನ್ ಈ ಸ್ಪೋರುಗಳನ್ನು ವಿವರಿಸಿದಾಗ. ಮರುವರ್ಷ ಜಾನ್ ಟಿಂಡಾಲ್ ಒಂದು ಉಪಾಯ ಹೇಳಿದ. ಒಮ್ಮೆ ಬಿಸಿ ಮಾಡಿ ಬಿಡಿ. ಮಲಗಿದ್ದವು ಏಳಲಿ. ಎದ್ದ ಮೇಲೆ ಮತ್ತೆ ಬಿಸಿ ಮಾಡಿ. ಹೀಗೆ ಹಲವು ಬಾರಿ. ಇಲ್ಲವೇ ಒತ್ತಡದಲ್ಲಿ 121 ಡಿಗ್ರಿಗೆ ಏರಿಸಿ ಕಾಲು ಗಂಟೆ ಬೇಯಿಸಬೇಕು. ಪ್ರಯೋಗಾಲಯದ ಆಟೋಕ್ಲೇವ್ ಎಂದರೆ ನಮ್ಮ ಪ್ರೆಷರ್ ಕುಕ್ಕರಿನ ದೊಡ್ಡಪ್ಪ, ಅಷ್ಟೇ.

ಕೊನೆಗೆ ಅವರು ಒಂದು ಮಾತು ಸೇರಿಸಿದರು. ಧನುರ್ವಾಯುವಿನ ರೋಗಾಣುವೂ ಇದೇ ಸ್ವಭಾವದ್ದು. ಅದರ ಸ್ಪೋರು ಮಣ್ಣಿನಲ್ಲಿ, ಸಗಣಿಯಲ್ಲಿ ವರ್ಷಗಟ್ಟಲೆ ಕಾದು ಕೂರುತ್ತದೆ. 1889ರಲ್ಲಿ ಜಪಾನಿನ ಕಿಟಸಾಟೊ ಅದನ್ನು ಬೇರ್ಪಡಿಸಿದ್ದೇ ಬಿಸಿ ಮಾಡಿ. ಉಳಿದ ಬ್ಯಾಕ್ಟೀರಿಯಾ ಸತ್ತವು, ಇದು ಉಳಿಯಿತು. "ಹಳ್ಳಿಗಳಲ್ಲಿ ಮಗುವಿನ ಹೊಕ್ಕುಳಬಳ್ಳಿಯನ್ನು ಕುಡುಗೋಲಿನಲ್ಲಿ ಕೊಯ್ದು ಸಗಣಿ ಬೂದಿ ಹಚ್ಚುತ್ತಾರಲ್ಲ, ಆ ಮಕ್ಕಳು ವಾರದಲ್ಲಿ ಹಾಲು ಕುಡಿಯುವುದನ್ನು ಬಿಟ್ಟು, ದವಡೆ ಕಚ್ಚಿ, ಬಿಲ್ಲಿನ ಹಾಗೆ ಸೆಟೆದು ಹೋಗುವುದು ಇದರಿಂದಲೇ" ಎಂದರು.

ನಾನು ಕೂತಲ್ಲೇ ತಣ್ಣಗಾದೆ.

ನನಗಿಂತ ಮುಂಚೆ ಅಮ್ಮನಿಗೆ ಎರಡು ಗಂಡುಮಕ್ಕಳು ಹುಟ್ಟಿದ್ದವು. ಎರಡೂ ಹೋದವು. ಒಂದು ಏಳನೇ ದಿನ, ಇನ್ನೊಂದು ಎಂಟನೇ ದಿನ. ಎದೆಗೆ ಹಚ್ಚಿದರೆ ಬಾಯಿ ತೆರೆಯಲಿಲ್ಲವಂತೆ, ಮೈ ಸೆಟೆದುಕೊಂಡಿತಂತೆ. ಈ ವಿವರಗಳನ್ನು ನಾನು ಅಮ್ಮನ ಬಾಯಿಂದ ಕೇಳಿದ್ದಲ್ಲ, ಅಜ್ಜಿಯ ಬಾಯಿಂದ. ಅಮ್ಮನ ಜಾತಕ ಸರಿಯಿಲ್ಲ, ಅವಳ ಹಾಲಿನಲ್ಲಿ ದೋಷ, ಬಸಿರಿದ್ದಾಗ ಹುಣಸೆಮರದ ಕೆಳಗೆ ಹೋಗಿದ್ದಳು ಎಂಬ ಮಾತುಗಳ ಜೊತೆಗೇ ಆ ವಿವರಗಳು ಬರುತ್ತಿದ್ದವು. ಅಮ್ಮ ಆ ಹೊತ್ತಿಗೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ನಾನು ಉಳಿದದ್ದು ಮನೆದೇವರಿಗೆ ಹೊತ್ತ ಹರಕೆಯಿಂದ ಎಂದು ಮನೆಯಲ್ಲಿ ನಂಬಿಕೆ. ಆ ಬಾರಿ ಹೆರಿಗೆ ಮಾಡಿಸಿದ್ದು ಊರಿಗೆ ಹೊಸದಾಗಿ ಬಂದಿದ್ದ ನರ್ಸಮ್ಮ, ಹೊಸ ಬ್ಲೇಡಿನಲ್ಲಿ ಬಳ್ಳಿ ಕೊಯ್ದು, ಹೊಕ್ಕುಳಿಗೆ ಏನನ್ನೂ ಹಚ್ಚಬಾರದೆಂದು ಜಗಳ ಮಾಡಿ ಹೋಗಿದ್ದಳು ಎನ್ನುವುದು ಕತೆಯ ಅಂಚಿನಲ್ಲಿ ಎಲ್ಲೋ ಇತ್ತು. ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಂದು ಸಂಜೆ ಅಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಫ್ಲಾಸ್ಕಿನಿಂದ ಶುರುಮಾಡಿ ಎಲ್ಲ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ. ತುಂಬಾ ಹೊತ್ತಿನ ಮೇಲೆ, ನನ್ನ ಕಡೆ ನೋಡದೆ ಕೇಳಿದಳು: "ಹಾಗಾದರೆ ನನ್ನ ಹಾಲಿನಿಂದ ಅಲ್ಲವಾ?"

"ಅಲ್ಲಮ್ಮಾ."

ರೊಟ್ಟಿ ಹೆಂಚಿನ ಮೇಲೆ ಸೀದುಹೋಯಿತು. ಅಮ್ಮ ರೊಟ್ಟಿ ಸೀಯಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಅವಳೇ ಹೇಳಿದಳು: "ಸೂಲಗಿತ್ತಿಯನ್ನು ಏನೂ ಅನ್ನಬೇಡ. ಪಾಪ, ಅವಳಿಗೂ ಗೊತ್ತಿರಲಿಲ್ಲ."

ಮುಂದೆ ನಾನೇ ಜೀವಶಾಸ್ತ್ರದ ಉಪನ್ಯಾಸಕಿಯಾದೆ. ಮೇಷ್ಟ್ರ ಲೆಕ್ಕದಲ್ಲಿ ನೋಡಿದರೆ ನಮ್ಮ ಮನೆಯ ಕತೆ ಪ್ರಯೋಗವಲ್ಲ ಎಂದು ನನಗೆ ಗೊತ್ತು. ಮೂರೇ ಮಕ್ಕಳು, ಪರೀಕ್ಷೆ ಯಾರೂ ಮಾಡಲಿಲ್ಲ. ಆದರೆ ಲಕ್ಷಣಗಳು, ದಿನಗಳ ಎಣಿಕೆ ಎಲ್ಲ ಒಂದಕ್ಕೊಂದು ಕೂಡುತ್ತವೆ. ಅದಕ್ಕಿಂತ ದೊಡ್ಡ ಸಾಕ್ಷಿ ದೇಶದ್ದು. ಗರ್ಭಿಣಿಯರಿಗೆ ಟಿಟಿ ಚುಚ್ಚುಮದ್ದು, ಚೊಕ್ಕ ಬ್ಲೇಡು, ಆಸ್ಪತ್ರೆಯ ಹೆರಿಗೆ ಇವೆಲ್ಲ ಹಬ್ಬಿದ ಮೇಲೆ ಆ ರೋಗ ಇಳಿಯುತ್ತಾ ಬಂತು. ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯು ಭಾರತದಲ್ಲಿ ನಿವಾರಣೆಯ ಮಟ್ಟಕ್ಕೆ ಇಳಿದಿದೆ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಜಾತಕಗಳೇನೂ ಬದಲಾಗಿರಲಿಲ್ಲ.

ಇಷ್ಟು ತಿಳಿದವಳಾದ ನಾನೂ ಒಮ್ಮೆ ಎಡವಿದ್ದೇನೆ. 1994ರಲ್ಲಿ ನನ್ನದೇ ಲ್ಯಾಬಿನಲ್ಲಿ ಒಬ್ಬ ಹುಡುಗಿಯ ದುಪಟ್ಟಾ ಸ್ಪಿರಿಟ್ ದೀಪಕ್ಕೆ ತಗುಲಿ ಹೊತ್ತಿಕೊಂಡಿತು. ಅದು ನೈಲಾನು. ಕರಗಿ ಮುಂಗೈಗೆ ಅಂಟಿತು. ದಪ್ಪ ಬಟ್ಟೆ ಒತ್ತಿ ಬೆಂಕಿ ಆರಿಸಿದೆ. ಅಟೆಂಡರು ಇಂಕಿನ ಬಾಟಲಿ ಹಿಡಿದು ಓಡಿಬಂದ. ಸುಟ್ಟ ಗಾಯಕ್ಕೆ ಆಗ ಎಲ್ಲರ ಮದ್ದೂ ಅದೇ. ಅವನನ್ನು ತಡೆದು ಹುಡುಗಿಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದುಕೊಂಡೇ ನಿಂತೆ. ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಅಂಟಿದ ಬಟ್ಟೆಯನ್ನು ಕೀಳಲಿಲ್ಲ. ಇಂಕಿಲ್ಲ, ಟೂತ್‌ಪೇಸ್ಟಿಲ್ಲ, ಬೆಣ್ಣೆಯಿಲ್ಲ. ಆಮೇಲೆ ಆಸ್ಪತ್ರೆ.

ಮರುದಿನ ಅವಳ ತಾಯಿ ಬಂದರು. ನನ್ನನ್ನು ಬೈಯುತ್ತಾರೆ ಎಂದು ಕಾದಿದ್ದೆ. ಅವರು ಬೈದದ್ದು ಮಗಳನ್ನು. "ಮೊದಲಿಂದಲೂ ಅಜಾಗರೂಕಿ. ಕೈಯಲ್ಲಿ ಕಲೆ ಉಳಿದರೆ ಯಾರು ಮದುವೆಯಾಗುತ್ತಾರೆ?" ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ನನಗೆ ಹಿತ್ತಲಿಗೆ ಎದ್ದು ಹೋಗುತ್ತಿದ್ದ ಅಮ್ಮ ನೆನಪಾದಳು.

"ಅವಳ ತಪ್ಪಲ್ಲ" ಎಂದೆ. ಲ್ಯಾಬಿಗೆ ಕರೆದುಕೊಂಡು ಹೋಗಿ ತೋರಿಸಿದೆ. ದೀಪಗಳು ಮೇಜಿನ ಅಂಚಿನಲ್ಲಿದ್ದವು. ಒಂದು ಮೇಜಿಗೆ ಆರು ಜನ. ದುಪಟ್ಟಾ ತೆಗೆದಿಡಿ ಎಂದು ನಾನು ಬೋರ್ಡಿನ ಮೇಲೆ ಬರೆದಿದ್ದೆ. ಎಲ್ಲಿ ಇಡಬೇಕು? ಒಂದು ಮೊಳೆಯೂ ಇರಲಿಲ್ಲ. ಹುಡುಗರ ಎದುರು ದುಪಟ್ಟಾ ತೆಗೆಯಲು ಅವರಿಗೆ ಸಂಕೋಚವಾದೀತೆಂದು ನಾನು, ಹೆಂಗಸಾಗಿಯೂ, ಯೋಚಿಸಿರಲಿಲ್ಲ. ಆ ವಾರವೇ ಗೋಡೆಗೆ ಮೊಳೆ ಹೊಡೆಸಿದೆವು, ದೀಪಗಳನ್ನು ಮೇಜಿನ ನಡುವಿಗೆ ಸರಿಸಿದೆವು, ಬಿಳಿ ಹತ್ತಿಯ ಕೋಟು ಹೊಲಿಸಿದೆವು, ಬಾಗಿಲ ಬಳಿ ಮರಳಿನ ಬಕೆಟ್ಟು, ಕಂಬಳಿ ಇಟ್ಟೆವು. ನಾನು ನಿವೃತ್ತಳಾಗುವವರೆಗೆ ಅಲ್ಲಿ ಮತ್ತೆ ಯಾರ ಬಟ್ಟೆಗೂ ಬೆಂಕಿ ತಗುಲಲಿಲ್ಲ. ನನ್ನ ವಿದ್ಯಾರ್ಥಿನಿಯರು ಹಠಾತ್ತನೆ ಜಾಗರೂಕರಾದರು ಎಂದೇನೂ ಅಲ್ಲ.

ಒಂದು ಅನಾಹುತವಾದಾಗ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ "ಯಾರಿಂದ?" ಎಂದು. ಆ ಪ್ರಶ್ನೆಗೆ ಉತ್ತರವಾಗಿ ಸಿಗುವವಳು ಹೆಚ್ಚಾಗಿ ಒಬ್ಬ ಹೆಂಗಸೇ. ಮೇಷ್ಟ್ರು ಕಲಿಸಿದ ಪ್ರಶ್ನೆ "ಹೇಗೆ?" ಎಂದು. ಹಾಲು ಒಡೆದರೆ, ಮಗುವಿಗೆ ಜ್ವರ ಬಂದರೆ, ಇಡ್ಲಿ ಗಟ್ಟಿಯಾದರೆ ಕೂಡ ನಾನು ಅದನ್ನೇ ಕೇಳಿ ನೋಡಿದ್ದೇನೆ. ಇಡ್ಲಿಯ ಮಟ್ಟಿಗೆ ಉತ್ತರ ಪೂರ್ತಿ ಸಿಕ್ಕಿಲ್ಲ, ಪ್ರಯೋಗ ಮುಂದುವರಿದಿದೆ.

ಅಮ್ಮ ಕೊನೆಯವರೆಗೂ ಮನೆದೇವರ ಹರಕೆ ಬಿಡಲಿಲ್ಲ. ವರ್ಷಕ್ಕೊಂದು ಸಲ ಹೋಗಿ ನನ್ನ ಹೆಸರಿನಲ್ಲಿ ತೆಂಗಿನಕಾಯಿ ಒಡೆಸಿ ಬರುತ್ತಿದ್ದಳು. ನಾನೂ ವಾದ ಮಾಡಲಿಲ್ಲ. ಆದರೆ ಪಿಯುಸಿಯ ಆ ವರ್ಷದಿಂದ ಎರಡು ಕಾಯಿ ಒಯ್ಯತೊಡಗಿದಳು. ಎರಡನೆಯದು ಯಾರ ಹೆಸರಿಗಮ್ಮಾ ಎಂದು ಕೇಳಿದಾಗ ಹೇಳಿದಳು:

"ಆ ನರ್ಸಮ್ಮನ ಹೆಸರಿಗೆ."