ಹೀರೋ ಬದಲಾದರೆ ಸಾಕೇ ಸ್ವಾಮಿ?

ಮುಖ ಒಬ್ಬರದು, ದನಿ ಇನ್ನೊಬ್ಬರದು ಬೇಡ ಅಂತ ನಮ್ಮ ಚಿತ್ರರಂಗ ದಶಕಗಟ್ಟಲೆ ಡಬ್ಬಿಂಗ್ ವಿರುದ್ಧ ಗುದ್ದಾಡಿತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಹಳೇ ಅಂಬಾಸಿಡರ್ ಉಳಿಸಿಕೊಂಡವರ ಎದುರಿಗೂ ಅದೇ ಪ್ರಶ್ನೆ. ಬಾಡಿ ಕಲ್ಲು ಬಂಡೆ. ಎಂಜಿನ್ ಮಾತ್ರ ಕೈಕೊಟ್ಟಿದೆ. ಒಳಗೆ ಯಾರ ದನಿ ಕೂರಿಸೋದು?

ನಮ್ಮಪ್ಪ 1984ರಲ್ಲಿ ಕೊಂಡ ಬಿಳಿ ಅಂಬಾಸಿಡರ್ ಹುಣಸೂರಿನ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿಕೊಂಡು ನಿಂತಾಗ ಮೇಸ್ತ್ರಿ ಹೇಳಿದ್ದು ಒಂದೇ ಮಾತು: "ಬ್ಲಾಕ್ ಸೀಳಿದೆ, ಬೋರ್ ಮಾಡಿ ಪ್ರಯೋಜನ ಇಲ್ಲ." ಗುಜರಿಗೆ ಹಾಕೋಣ ಅಂದ್ರೆ ಅಪ್ಪ ಒಪ್ಪಬೇಕಲ್ಲ! "ನಿಮ್ಮವ್ವನ್ನ ಹೆರಿಗೆಗೆ ಕರ್ಕೊಂಡೋಗಿದ್ದು ಇದರಲ್ಲೇ ಕಣ್ಲಾ. ನೀನು ಮನೆಗೆ ಬಂದಿದ್ದೂ ಇದರಲ್ಲೇ." ಕೈಯಲ್ಲಿದ್ದದ್ದು ಆ ವರ್ಷದ ಹೊಗೆಸೊಪ್ಪಿನ ದುಡ್ಡು. ಅದರಲ್ಲೇ ತಂಗಿಯ ಮದುವೆಗೂ ಎತ್ತಿಡಬೇಕು.

ಮೇಸ್ತ್ರಿ ಮೂರು ದಾರಿ ಹೇಳಿದರು. ಒಂದು, ಮೆಟಡಾರ್ ಡೀಸೆಲ್. ಒಂದು ಕಾಲದಲ್ಲಿ ಬಾಡಿಗೆ ಓಡಿಸೋರೆಲ್ಲ ಡೀಸೆಲ್ ಕಡೆ ತಿರುಗಿದ್ದು ಖರ್ಚಿನ ಲೆಕ್ಕಕ್ಕೆ. ಆದ್ರೆ ತೂಕ ಜಾಸ್ತಿ, ನಡುಕ ಜಾಸ್ತಿ. ಮುಂದಿನ ಸಸ್ಪೆನ್ಷನ್ ನರಳುತ್ತೆ, ಮೌಂಟಿಂಗ್ ಹೊಸದಾಗಿ ವೆಲ್ಡ್ ಮಾಡಬೇಕು. ಎರಡು, 1990ರ ದಶಕದಲ್ಲಿ ಕಂಪೆನಿಯೇ ಅಂಬಾಸಿಡರ್‌ಗೆ ಹಾಕಿದ 1817 ಸಿ.ಸಿ. ಇಸುಜು ಪೆಟ್ರೋಲ್, ಐದು ಗೇರು. ಮೂರು, ಗುಜರಿ ಗಾಡಿಯಿಂದ ಇಳಿಸಿದ, ಮೊದಲಿನದೇ ಜಾತಿಯ 1489 ಸಿ.ಸಿ. ಪೆಟ್ರೋಲ್.

ನಮ್ಮ ಗೆಳೆಯರ ಬಳಗದ ಓಟೆಲ್ಲ ಇಸುಜುಗೇ! "ಮೈಸೂರು ರಸ್ತೆಗೆ ಬಿಟ್ರೆ ಹುಲಿ ಗುರೂ" ಅಂತ ಒಬ್ಬ. ನಂಗೂ ಬಾಯಲ್ಲಿ ನೀರೂರಿತ್ತು. ಅಪ್ಪ ಬೀಡಿ ಆರಿಸಿ ಒಂದೇ ಒಂದು ಪ್ರಶ್ನೆ ಹಾಕಿದರು: "ಓಡೋದು ಸರಿ ಕಣ್ಲಾ, ನಿಲ್ಲೋದು?"

ಗ್ಯಾರೇಜು ಗಪ್‌ಚಿಪ್! ನಮ್ಮ ಗಾಡಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ವೇಗದಲ್ಲಿ ಮತ್ತೆ ಮತ್ತೆ ತುಳಿದರೆ ಡ್ರಮ್ ಕಾದು ಹಿಡಿತ ಸಡಿಲವಾಗುತ್ತೆ. ಇಸುಜು ಹಾಕಿದರೆ ಮುಂದಕ್ಕೆ ಡಿಸ್ಕ್ ಬ್ರೇಕು, ಬೇರೆ ಗೇರ್‌ಬಾಕ್ಸು, ಅದಕ್ಕೆ ತಕ್ಕ ಪ್ರೊಪೆಲ್ಲರ್ ಶಾಫ್ಟು... ಎಂಜಿನ್‌ನಷ್ಟೇ ದುಡ್ಡು ಅದಕ್ಕೂ ಎಣಿಸಬೇಕು. ಹೀರೋ ಬದಲಾದ ಮೇಲೆ ಕಥೆ, ಫೈಟು, ಹಾಡು ಎಲ್ಲ ಬದಲಾಗಬೇಡವೇ?

ಕಾನೂನಿನ ಮಾತೂ ಇದೆ. ಆರ್.ಸಿ.ಯಲ್ಲಿರೋದಕ್ಕೂ ಗಾಡಿಗೂ ತಾಳೆ ತಪ್ಪುವಂತೆ ಬದಲಾಯಿಸಬಾರದು ಅನ್ನುತ್ತೆ ಮೋಟಾರು ವಾಹನ ಕಾಯಿದೆಯ 52ನೇ ಕಲಮು. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 15 ವರ್ಷ ದಾಟಿದ ಕಾರನ್ನು ಐದೈದು ವರ್ಷಕ್ಕೊಮ್ಮೆ ಆರ್.ಟಿ.ಓ. ಮುಂದೆ ನಿಲ್ಲಿಸಲೇಬೇಕು. ಅಲ್ಲಿ ಡೀಸೆಲ್ ಗುಡುಗಿದರೆ ಮುಗೀತು ಕಥೆ! ಅಪಘಾತವಾದರೆ ಇನ್ಷೂರೆನ್ಸ್‌ನವರೂ ಮೊದಲು ನೋಡೋದು ಇಂಥದ್ದನ್ನೇ.

ಕೊನೆಗೆ ನಾವು ಆರಿಸಿದ್ದು ಮೂರನೇ ದಾರಿ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತರೂ ಮೈಸೂರಿನ ಗುಜರಿಯಲ್ಲಿ ಎಂಜಿನ್ ಸಿಕ್ಕಿತು. ಬಿಲ್ಲು ಇಸ್ಕೊಂಡು, ಹೊಸ ನಂಬರನ್ನು ಆರ್.ಸಿ.ಗೆ ಹತ್ತಿಸಿದ್ದಾಯ್ತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರಕೆ ಇರೋದರಿಂದ ಹಳೇ ರಬ್ಬರ್ ಪೈಪು, ಗ್ಯಾಸ್ಕೆಟ್ ಎಲ್ಲ ಕಿತ್ತು ಹೊಸದು ಹಾಕಿದರು. ಉಳಿದ ದುಡ್ಡಿನಲ್ಲಿ ಬ್ರೇಕ್ ಲೈನಿಂಗು. ತಂಗಿಯ ಗಂಟಿಗೆ ಕೈ ಹಾಕಲಿಲ್ಲ. ಗಾಡಿ ಹುಲಿಯಾಗಲಿಲ್ಲ, ನಿಜ. ಆದ್ರೆ ಅಪ್ಪ ಚುಂಚನಕಟ್ಟೆ ಜಾತ್ರೆಗೆ ತಾವೇ ಸ್ಟಿಯರಿಂಗ್ ಹಿಡಿದು ಹೋಗಿಬಂದರು.

ಮಿತ್ರರೇ, 1980ರ 'ಆಟೋ ರಾಜ'ನ ಚಿತ್ರವನ್ನು ಇವತ್ತಿಗೂ ಗಾಡಿಗೆ ಅಂಟಿಸಿಕೊಳ್ಳೋ ಜನ ನಾವು. ಅದೇ ಶಂಕರ್‌ನಾಗ್ 1985ರಲ್ಲಿ 'ಆಕ್ಸಿಡೆಂಟ್' ತೆಗೆದರು. 1990ರ ಸೆಪ್ಟೆಂಬರ್ 30ರಂದು ಆನಗೋಡಿನ ರಸ್ತೆಯಲ್ಲೇ ನಮ್ಮನ್ನಗಲಿದರು. ಎಂಜಿನ್ ಆರಿಸುವ ಮುಂಚೆ ಮೇಸ್ತ್ರಿಯನ್ನು ಮೂರು ಮಾತು ಕೇಳಿ: ಬ್ರೇಕು ತಡೆಯುತ್ತಾ? ಆರ್.ಸಿ.ಗೆ ಹತ್ತುತ್ತಾ? ನಾಳೆ ಪಾರ್ಟು ಸಿಗುತ್ತಾ? ಮೂರಕ್ಕೂ 'ಹೂಂ' ಅಂದ್ರೆ ಮಾತ್ರ ಅಡ್ವಾನ್ಸ್ ಕೊಡಿ!