ನಾಲ್ಕನೆಯ ವಚನ

ನಮ್ಮ ಮನೆಯಲ್ಲಿ ಸಂಜೆ ಏಳೂವರೆಗೆ ಕುಟುಂಬ ಪ್ರಾರ್ಥನೆ. ಅಜ್ಜನ ಕಾಲದಿಂದ ನಡೆದು ಬಂದ ಕ್ರಮವಿದು. ಮನೆಮಾತು ತುಳುವಾದರೂ ಬೈಬಲು, ಗೀತ, ಪ್ರಾರ್ಥನೆ ಎಲ್ಲವೂ ಕನ್ನಡದಲ್ಲೇ. ಬ್ಯಾಂಕಿನಿಂದ ಎಷ್ಟೇ ದಣಿದು ಬಂದರೂ ನಾನು ಅದನ್ನು ತಪ್ಪಿಸಿದವನಲ್ಲ. ಆದರೆ ಮಗ ಒಂಬತ್ತನೆಯ ತರಗತಿಗೆ ಬಂದ ವರ್ಷ, ಸರಿಯಾಗಿ ಆ ಹೊತ್ತಿಗೇ ಅವನಿಗೆ ತಲೆನೋವೋ ಶಾಲೆಯ ಕೆಲಸವೋ ಒಂದು ನೆವ ಸಿಗತೊಡಗಿತು.

ಕಾರಣ ನಾನೇ ಎಂದು ತಿಳಿಯಲು ತಡವಾಯಿತು. ಕಾಸರಗೋಡಿನಲ್ಲಿ ಕನ್ನಡ ಶಾಲೆಗಳಿದ್ದೂ ಅವನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದವನು ನಾನು. ಗೆಳೆಯರೊಡನೆ ಅವನ ಮಾತೆಲ್ಲ ಮಲಯಾಳ. ಅವನು ಅಕ್ಷರ ಕೂಡಿಸಿ ಕನ್ನಡ ಬೈಬಲು ಓದುವಾಗ, ಲೆಡ್ಜರಿನಲ್ಲಿ ತಪ್ಪು ಹುಡುಕುವವನಂತೆ ನಾನು ಒತ್ತಕ್ಷರಕ್ಕೊಮ್ಮೆ ತಡೆದು ತಿದ್ದುತ್ತಿದ್ದೆ. ತಂಗಿ ಕಿಸಕ್ಕನೆ ನಗುತ್ತಿದ್ದಳು.

ಒಂದು ದಿನ ಅವನು ಎದುರುತ್ತರ ಕೊಟ್ಟ. ಬುದ್ಧಿ ಬರಲೆಂದು ಅಂದು ಸಂಜೆ ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯ ಓದಲು ಹೇಳಿದೆ. ಮಕ್ಕಳು ತಂದೆತಾಯಿಗಳ ಮಾತು ಕೇಳಬೇಕೆಂಬುದು ಅಲ್ಲಿನ ಮೊದಲ ವಚನ. ಮೂರು ವಚನ ಮುಗಿದಾಗ "ಸಾಕು" ಎಂದೆ.

"ಇನ್ನೊಂದು ಓದು ಮಗಾ" ಎಂದರು ನನ್ನ ತಾಯಿ.

ತಂದೆಯಾದವನು ಮಕ್ಕಳಿಗೆ ಸಿಟ್ಟೆಬ್ಬಿಸಬಾರದೆಂಬುದು ನಾಲ್ಕನೆಯದು. ಅವನು ತಡವರಿಸಿದ. ನಾನು ತಿದ್ದಲಿಲ್ಲ.

ಓದಿ ಮುಗಿಸಿ ಕೇಳಿದ: "ಪಪ್ಪಾ, ನಾನು ಮಲಯಾಳದಲ್ಲಿ ಪ್ರಾರ್ಥನೆ ಮಾಡಿದರೆ ಆಗದಾ?"

ನನಗೆ ಉತ್ತರ ಹೊಳೆಯಲಿಲ್ಲ. ತಾಯಿಯೇ ಹೇಳಿದರು: "ನನ್ನ ಅಜ್ಜಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಕಣ್ಣು ಮುಚ್ಚಿ ತುಳುವಿನಲ್ಲೇ ದೇವರೊಡನೆ ಮಾತಾಡುತ್ತಿದ್ದರು."

ಹೌದಲ್ಲ! 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಊರವರ ಭಾಷೆ ಕಲಿತು ಸುವಾರ್ತೆ ಹೇಳಿದವರು. 1847ರಲ್ಲೇ ತುಳುವಿನಲ್ಲಿ ಹೊಸ ಒಡಂಬಡಿಕೆ ಅಚ್ಚಾಯಿತು. ಅದೇ ಮಿಶನಿನ ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದವು. ಪರದೇಶದವರು ನಮಗಾಗಿ ಪಟ್ಟ ಪಾಡಿನ ಒಂದಂಶವನ್ನೂ ನಾನು ಸ್ವಂತ ಮಗನಿಗಾಗಿ ಪಟ್ಟಿರಲಿಲ್ಲ.

ಮರುದಿನ ಅವನು ಮಲಯಾಳದಲ್ಲಿ ಪ್ರಾರ್ಥಿಸಿದ. ಗಲ್ಫಿನಲ್ಲಿ ಕೆಲಸ ಕಳೆದುಕೊಂಡಿದ್ದ ಸಹಪಾಠಿಯ ತಂದೆಗಾಗಿ ಬೇಡಿಕೊಂಡ. ಅಂಥದೊಂದು ಚಿಂತೆ ಅವನ ಮನಸ್ಸಿನಲ್ಲಿತ್ತೆಂಬುದೇ ನನಗೆ ಗೊತ್ತಿರಲಿಲ್ಲ. ವರ್ಷಗಟ್ಟಲೆ ಅವನ ಉಚ್ಚಾರವನ್ನು ಮಾತ್ರ ಕೇಳುತ್ತಿದ್ದೆ.

ಈಗ ನಮ್ಮಲ್ಲಿ ಓದು ಕನ್ನಡದಲ್ಲಿ, ಪ್ರಾರ್ಥನೆ ಅವರವರ ನಾಲಗೆಗೆ ಒಗ್ಗಿದ ಭಾಷೆಯಲ್ಲಿ. ಕನ್ನಡ ಕಲಿಸುವ ಕೆಲಸವನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದೇನೆ. ಒತ್ತಕ್ಷರ ತಿದ್ದುವುದು ಆಗ ಮಾತ್ರ. ಕೆಲವು ಸಂಜೆ ಮಗ ಈಗಲೂ ಬರುವುದಿಲ್ಲ. ಕರೆಯುತ್ತೇನೆ, ಎಳೆದು ತರುವುದಿಲ್ಲ. ಅಜ್ಜನ ಬೈಬಲನ್ನು ನನ್ನ ಮೊಮ್ಮಕ್ಕಳು ಓದಬಲ್ಲರೋ ಇಲ್ಲವೋ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ. ಆದರೆ ಆ ಸಂಕಟದ ಭಾರವನ್ನು ಮಗನ ಪ್ರಾರ್ಥನೆಯ ಮೇಲೆ ಹೇರುವುದನ್ನು ಬಿಟ್ಟಿದ್ದೇನೆ.